ಆಟದ ಸಾಮಾನಿಗೆ ವಾರಾಬಂದಿ

ಊರೂರು ತಿರುಗುವ ನನ್ನಂಥವನು ಹದಿನೈದು ದಿನ ಮನೆಯಲ್ಲಿ ಕೂತನೆಂದರೆ ಏನಾದರೊಂದು ಫಜೀತಿ ಆಗೇ ಆಗುತ್ತದೆ. ಐದನೇ ಇಯತ್ತೆಗೇ ಸಾಲಿ ಬಿಟ್ಟವನು ನಾನು. ಯಾದಗಿರಿಯಲ್ಲಿ ಲಾರಿ ಕ್ಲೀನರ್, ಸುರಪುರದಲ್ಲಿ ಮನೆ ಕಟ್ಟುವ ಗೌಂಡಿಯ ಕೈಯಾಳು, ಶಹಾಪುರದ ಕಡೆ ಕಾಲುವೆಯ ಗೇಟು ತಿರುವುವವನು. ಎಲ್ಲಿಂದ ಬಂದರೂ ಮಕ್ಕಳಿಗೊಂದು ಆಟದ ಸಾಮಾನು ತರುವ ಚಟ.

ಒಂದು ಸಲ ವಡಗೇರಾದ ನಮ್ಮ ಮನೆಗೆ ಬಂದರೆ ಕಾಲಿಡಲು ಜಾಗವಿಲ್ಲ. ನನ್ನ ಕಣ್ಣೆದುರೇ ಹೆಂಡತಿ ಪ್ಲಾಸ್ಟಿಕ್ ಬಸ್ಸು ತುಳಿದು ಜಾರಿ ಬಿದ್ದಳು. ಬಸ್ಸಿನ ನಾಲ್ಕೂ ಗಾಲಿ ಕಳಚಿದವು.

“ಮನ್ಯಾಗ ಇವಾದ್ರೂ ಇರ್ಬೇಕು, ನೀವಾದ್ರೂ ಇರ್ಬೇಕು. ಎರಡೂ ಕೂಡಿ ನನಗ ಆಗಂಗಿಲ್ರಿ.”

ಇದನ್ನು ಹದಕ್ಕೆ ತರದೆ ಹೊಸ್ತಿಲು ದಾಟುವುದಿಲ್ಲ ಎಂದು ಹಟ ಹಿಡಿದೆ.

೧. ಕೀಲಿ

ಕಾಲುವೆಗೆ ಒಂದಷ್ಟು ದಿನ ನೀರು ಬಿಡುವುದು, ಒಂದಷ್ಟು ದಿನ ಬಂದ್ ಮಾಡುವುದು; ಅದಕ್ಕೆ ವಾರಾಬಂದಿ ಅಂತಾರೆ. ಅದನ್ನೇ ಮನೆಗೆ ತಂದೆ. ಅರ್ಧ ಸಾಮಾನು ಪಡಸಾಲೆಯಲ್ಲಿ, ಉಳಿದರ್ಧ ಟ್ರಂಕಿನಲ್ಲಿ ಕೀಲಿ ಹಾಕಿ. ಸೋಮವಾರಕ್ಕೊಮ್ಮೆ ಅದಲುಬದಲು.

ಮರುದಿನವೇ ಟ್ರಂಕಿನ ಗೊಂಬೆ ಮಗಳ ತೊಡೆಯ ಮೇಲಿತ್ತು.

“ಕೀಲಿ ಯಾರು ಮುರ್ದಾರ?”

“ಯಾರೂ ಮುರ್ದಿಲ್ಲಪ್ಪ. ಕೀಲಿ ಹಂಗೇ ಅದ, ನೋಡು.”

ಕೀಲಿ ಹಾಗೇ ಇತ್ತು. ಮುಚ್ಚಳ ತಿರುಗುವ ಹಿಂದಿನ ಬಿಜಾಗರಿಯ ಮೊಳೆ ಕಿತ್ತಿದ್ದರು. ನಾನು ಗೇಟು ಕಾಯುತ್ತಿದ್ದಾಗ ರೈತರು ಗೇಟು ಮುಟ್ಟದೆ ದಂಡೆಯ ಮೇಲಿಂದ ಪೈಪು ಇಳಿಸಿ ನೀರು ಎಳೆಯುತ್ತಿದ್ದರಲ್ಲ, ಅದೇ ಲೆಕ್ಕ. ಬಿಜಾಗರಿಗೆ ಹನ್ನೆರಡು ಸುತ್ತು ತಂತಿ ಬಿಗಿದೆ. ಕಟ್ಟಿದ ನನಗೂ ಬಿಚ್ಚಲು ಬಾರದ ಗಂಟು. ಕೀಲಿಕೈ ಹೆಂಡತಿಯ ಸೆರಗಿಗೆ ಹೋಯಿತು.

೨. ಕೊನೇ ಹೊಲದವನು

ಮಗಳು ಬೇಗ ಎದ್ದು ಒಳ್ಳೆಯದೆಲ್ಲ ಹಿಡಿದು ಕೂಡುತ್ತಿದ್ದಳು. ತಡವಾಗಿ ಏಳುವ ನಾಲ್ಕು ವರ್ಷದ ಮಗನಿಗೆ ಗಾಲಿಯಿಲ್ಲದ ಬಸ್ಸೊಂದೇ. ನೀರು ಮುಟ್ಟದ ಕಾಲುವೆ ತುದಿಯ ಹೊಲದವರ ಗತಿ. ಅವನು ಬಾಗಿಲಿಗೆ ಅಡ್ಡ ಕೂತು ತಾಟು ಬಡಿಯತೊಡಗಿದ. ಕಾಲುವೆಯ ಸಾಹೇಬರು ರೈತರಿಗೆ ಹೇಳುತ್ತಿದ್ದುದನ್ನೇ ನಾನೂ ಹೇಳಿದೆ.

“ಮ್ಯಾಲಿನವರಿಗೆ ತಿಳಿಸ್ತೀನಿ.”

“ಮ್ಯಾಲ ಯಾರದಾರ?”

ನಾನು ಬಾಯಿ ತೆರೆಯುವುದರೊಳಗೆ ಮೇಲಿನವರು ರೊಟ್ಟಿ ಬಡಿಯುವುದು ಬಿಟ್ಟು ಖುದ್ದಾಗಿ ಸ್ಥಳಕ್ಕೆ ಬಂದರು. ಒಂದು ದಿನ ಅಕ್ಕ ಮೊದಲು, ಒಂದು ದಿನ ತಮ್ಮ ಮೊದಲು ಎಂದು ಹುಕುಂ ಆಯಿತು. ನನ್ನ ಅಂಗಿಯ ಮೇಲೆ ಹಿಟ್ಟಿನ ಐದು ಬೆರಳಿನ ಸಹಿ ಬಿತ್ತು.

೩. ಬಂದ್

ಆಮೇಲೆ ಪದ್ಧತಿ ಕುದುರಿತು. ಸೋಮವಾರ ಟ್ರಂಕು ತೆರೆದರೆ ಹಳೇ ಗೊಂಬೆಯನ್ನೇ ಮಕ್ಕಳು ಹೊಸದೆಂಬಂತೆ ಮುತ್ತುತ್ತಿದ್ದರು. ಹಟ ಗೆದ್ದಿತು. ಗೆದ್ದ ಮೇಲೆ ನನ್ನ ಕಾಲು ಮನೆಯಲ್ಲಿ ನಿಲ್ಲಲಿಲ್ಲ. ಬೋನಾಳದ ಕಡೆ ಕೆಲಸವಿದೆಯೆಂದು ಗೌಂಡಿ ಹೇಳಿಕಳಿಸಿದ್ದ. ಮುಂಜಾನೆ ಟಂಟಂ ಆಟೋ ಬಾಗಿಲಿಗೆ ಬಂದು ಹಾರ್ನ್ ಹೊಡೆಯಿತು. ನೋಡಿದರೆ ಚೀಲವಿಲ್ಲ, ಚಪ್ಪಲಿಯಿಲ್ಲ. ಮಗಳು ಟ್ರಂಕಿನ ಮೇಲೆ ಕೂತಿದ್ದಳು.

“ಇಷ್ಟು ದಿನ ನೀ ಹೊರಗ ಇದ್ದಿ, ಅಪ್ಪ. ಈಗ ಮನಿ ಪಾಳಿ. ನಿನ್ನ ಚಪ್ಪಲಿ ಸೋಮವಾರತನಕ ಬಂದ್.”

ಹೆಂಡತಿಯ ಮುಖ ನೋಡಿದೆ. ಅವಳು ಸೆರಗಿನ ಗಂಟು ಬಿಗಿ ಮಾಡಿಕೊಳ್ಳುತ್ತ, “ಮ್ಯಾಲಿನವರಿಗೆ ತಿಳಿಸ್ರಿ” ಅಂದಳು.

ಸದ್ದಿಲ್ಲದೆ ಟ್ರಂಕಿನ ಹಿಂದಕ್ಕೆ ಹೋದೆ. ನನ್ನದೇ ತಂತಿ, ಹನ್ನೆರಡು ಸುತ್ತು. ಹಲ್ಲಿನಿಂದ ಕಚ್ಚಿಯೂ ನೋಡಿದೆ. ಟಂಟಂ ಹಾರ್ನ್ ಹೊಡೆದು ಹೊಡೆದು ಹೊರಟುಹೋಯಿತು.

ನನ್ನ ಮೋರೆ ನೋಡಿ ಮಗನಿಗೆ ಕನಿಕರ ಬಂತು. ಗಾಲಿಯಿಲ್ಲದ ಬಸ್ಸು ತಂದು ನನ್ನ ಕೈಯಲ್ಲಿಟ್ಟ.

“ಹೋಗೋದು ಭಾಳ ಜರೂರ್ ಇದ್ರ ಇದ್ರಾಗ ಹೋಗಪ್ಪ.”