ಅಲ್ತಾರಕ್ಕೇರಿದ ಕಾಡತೂಸು

ಗಂಡಸರ ಹವ್ಯಾಸಗಳಲ್ಲಿ ಎರಡು ಬಗೆ: ಹೆಂಡತಿಗೆ ಹೇಳಬಹುದಾದದ್ದು ಮತ್ತು ನನ್ನದು. ನಾನು ಹಳೆಯ ಬಂದೂಕುಗಳ ಕಾಡತೂಸು ಕೂಡಿಡುವವನು. ಮದ್ದು ಉರಿದು ಮುಗಿದ ಖಾಲಿ ಹಿತ್ತಾಳೆ ಕೊಳವೆಗಳು ಮಾತ್ರ. ಬಂದೂಕನ್ನು ಮುಟ್ಟಿಯೂ ಗೊತ್ತಿಲ್ಲ. ದೀಪಾವಳಿಗೆ ಪಕ್ಕದ ಮನೆಯವರು ಪಟಾಕಿ ಹಚ್ಚಿದರೆ ಒಳಗೆ ಹೋಗಿ ಕಿಟಕಿ ಮುಚ್ಚುತ್ತೇನೆ. ಆದರೂ ನೂರು ವರ್ಷದ ಕಾಡತೂಸೊಂದನ್ನು ಅಂಗೈಯಲ್ಲಿಟ್ಟುಕೊಂಡರೆ ಇಲ್ಲದ ಮೀಸೆಯನ್ನು ತಿರುವಬೇಕೆನಿಸುತ್ತದೆ.

ಕುದ್ರೋಳಿಯ ಗುಜರಿ ಅಂಗಡಿಯಲ್ಲಿ ಸಿಕ್ಕ ಒಂದು ಜೋಡಿಯಂತೂ ನನ್ನ ಪ್ರಾಣ. ತೆಳ್ಳಗಿನ ಹಿತ್ತಾಳೆ ತಗಡನ್ನು ಸುರುಳಿ ಸುತ್ತಿ ಮಾಡಿದ್ದು. ಅಂಥವು ಈಗ ಕಾಣಸಿಗುವುದೇ ಕಷ್ಟ. ಅದರ ಮೇಲೆ ಕೂತ ಹಳೆಯ ಕಪ್ಪೇ ಅದರ ಬೆಲೆ, ಅದನ್ನು ತಿಕ್ಕುವುದು ಕಾಡತೂಸು ಕೂಡಿಡುವ ನಮ್ಮವರಲ್ಲಿ ಮಹಾಪಾಪ. ಮಣ್ಣಗುಡ್ಡದ ಮನೆಗೆ ತಂದ ದಿನ ಹೆಂಡತಿ ಹಿಲ್ಡಾ, "ಇದೆಂತದು?" ಎಂದಳು. "ಹಳೇ ಇಗರ್ಜಿಯ ಮೇಣದಬತ್ತಿ ಸ್ಟ್ಯಾಂಡ್" ಎಂದೆ. ಸುಳ್ಳಿಗೆ ದೇವರನ್ನು ಎಳೆದು ತರಬಾರದಿತ್ತು.

ಮೇರಿ ಮಾತೆಯ ಹುಟ್ಟುಹಬ್ಬವಾದ ಮೊಂತಿ ಹಬ್ಬದ ಹಿಂದಿನ ಸಂಜೆ ಕೂಳೂರಿನ ಶೇಖರಣ್ಣ ಬಂದರು. ನನ್ನಂತೆಯೇ ಕಾಡತೂಸಿನ ಹುಚ್ಚಿನವರು. ತಿಂಗಳಿಂದ ಫೋನಿನಲ್ಲಿ ನಾನು ಕೊಚ್ಚಿಕೊಂಡಿದ್ದ ಆ ಜೋಡಿಯನ್ನು ನೋಡಲೆಂದೇ ಬಂದಿದ್ದರು. ಒಳಗೆ ಹೋಗಿ ಕಪಾಟು ತೆರೆದರೆ ಅದರ ಡಬ್ಬಿ ಖಾಲಿ. ಆಗಲೇ ಹೊರಗಿನ ಕೋಣೆಯಿಂದ ಶೇಖರಣ್ಣ, "ಅಯ್ಯೋ ದೇವರೇ!" ಎಂದು ಕೂಗಿದರು. ಓಡಿ ಬಂದು ನೋಡಿದೆ. ನಮ್ಮ ಮನೆಯ ದೇವರ ಪೀಠವಾದ ಅಲ್ತಾರದಲ್ಲಿ, ಮೇರಿ ಮಾತೆಯ ಎಡಕ್ಕೊಂದು ಬಲಕ್ಕೊಂದು, ನನ್ನ ಕಾಡತೂಸುಗಳು ಫಳಫಳ ಹೊಳೆಯುತ್ತ, ತಲೆಯ ಮೇಲೆ ಮೇಣದಬತ್ತಿ ಹೊತ್ತು ನಿಂತಿದ್ದವು.

"ಬಿಂಬುಳಿ ಕಾಯಿಯ ಹುಳಿ ಹಾಕಿ ತಿಕ್ಕಿದೆ. ಎಂಥ ಕೊಳೆ ಇತ್ತು ಮಾರಾಯ್ರೆ!" ಎಂದಳು ಹಿಲ್ಡಾ.

ನಿಜ ಹೇಳಿದರೆ ಹಳೆಯ ಅಂಗಿಗಳ ಅಡಿಯಲ್ಲಿ ಅಡಗಿಸಿಟ್ಟ ಉಳಿದ ನಲವತ್ತೂ ಮರಳಿ ಗುಜರಿಗೆ. ಬಾಯಿ ಮುಚ್ಚಿಕೊಂಡರೆ ಹೋಗುವುದು ಈ ಎರಡೇ. ನಾನು ಮೊಣಕಾಲೂರಿ ಶಿಲುಬೆಯ ಗುರುತು ಮಾಡಿದೆ. ನನ್ನ ಪಾಡು ಅರ್ಥವಾದ ಶೇಖರಣ್ಣ ತಾವೂ ಕೈಮುಗಿದು ಕಣ್ಣೊರೆಸಿಕೊಂಡರು. "ಶೇಖರಣ್ಣನಿಗೆ ಎಷ್ಟು ಭಕ್ತಿ ಉಂಟು ನೋಡಿ!" ಎಂದು ಹಿಲ್ಡಾ ಅವರಿಗೆ ಎರಡನೇ ಲೋಟ ಕಾಫಿ ಕೊಟ್ಟಳು.

ಅಂದಿನಿಂದ ಸಂಜೆಯ ಜಪಮಾಲೆಯನ್ನು ನಾನು ಒಂದು ದಿನವೂ ತಪ್ಪಿಸಿಲ್ಲ. ಹಿಂದೆ ಅರ್ಧದಲ್ಲೇ ಜಾರಿಕೊಳ್ಳುತ್ತಿದ್ದವನು ಈಗ ಮೇಣ ಎಲ್ಲಿ ಸೋರುತ್ತದೋ ಎಂದು ಕಣ್ಣು ಮಿಟುಕಿಸದೆ ಕೂರುತ್ತೇನೆ. ಮೊನ್ನೆ ತಡೆಯಲಾರದೆ, "ಬೇರೆ ಸ್ಟ್ಯಾಂಡ್ ತರ್ಲಾ?" ಎಂದು ಹಿಲ್ಡಾಳನ್ನು ಕೇಳಿದೆ.

"ಎಂತಕ್ಕೆ? ನನ್ನ ಅಪ್ಪ ಇಪ್ಪತ್ತು ವರ್ಷ ಮಿಲಿಟರಿಯಲ್ಲಿದ್ದವರು. ಕಾಡತೂಸು ನೋಡಿದ್ರೆ ನನಗೆ ಗೊತ್ತಾಗುದಿಲ್ವಾ? ನಿಮ್ಮನ್ನು ಜಪಮಾಲೆಗೆ ಕೂರಿಸ್ಲಿಕ್ಕೆ ಇದಕ್ಕಿಂತ ಒಳ್ಳೇ ಸ್ಟ್ಯಾಂಡ್ ಎಲ್ಲುಂಟು?"

ನಾನು ಬೆಂಕಿಪೊಟ್ಟಣ ತಂದುಕೊಟ್ಟೆ.