ಪಿಳ್ಳಣ್ಣನ ಸುಣ್ಣದ ಆಯತ

ಮಾಗಿಯ ಚಳಿ, ಭಾನುವಾರ, ಬೆಳಗಿನ ಆರು ಗಂಟೆ. ಅಟ್ಟೂರಿನ ಪಿಳ್ಳಣ್ಣ ಸುಣ್ಣದ ಪುಡಿಯ ಚೀಲ, ನಾಲ್ಕು ಗೂಟ, ಬಾವಿ ಹಗ್ಗ ಹೊತ್ತು ತನ್ನ ಹಿತ್ತಿಲ ಖಾಲಿ ಜಾಗಕ್ಕೆ ಇಳಿದ. ಅರವತ್ತಾರನೇ ವಯಸ್ಸಿನಲ್ಲಿ ಅವನಿಗೆ ಹೋಮ್‌ವರ್ಕ್ ಬಾಕಿಯಿತ್ತು.

ಪ್ರತಿ ಭಾನುವಾರ ಸಂಜೆ ರಾಧಾಮಣಿ ಮೇಡಂ ಊರಿನ ದೊಡ್ಡವರಿಗೆ ಪಾಠ ಹೇಳುತ್ತಿದ್ದರು. ಈ ವಾರ ಹೆಸರು ಬರೆಯಬೇಕು. ಆಯತ, ತ್ರಿಕೋನ, ವೃತ್ತ ಎಳೆಯಬೇಕು. ಮಾಡಿದವರು ಎರಡನೇ ಪುಸ್ತಕಕ್ಕೆ, ಇಲ್ಲದವರು ಒಂದನೆಯದರಲ್ಲೇ. ಹೆಂಡತಿ ಗೌರಮ್ಮ ಹಿಂದಿನ ದಿನವೇ ಬರೆದು ಮುಗಿಸಿ ಚಿಕ್ಕಬಾಣಾವರದ ತಂಗಿ ಮನೆಗೆ ಹೋಗಿದ್ದಳು. ಹೋಗುವಾಗ, "ಒಂದ್ನೇ ಪುಸ್ತಕದಾಗೇ ಮುದುಕ ಆಗ್ಬುಟ್ಟೀಯ, ಉಸಾರು" ಎಂದಿದ್ದಳು. ಅದು ಪಿಳ್ಳಣ್ಣನಿಗೆ ನಾಟಿತ್ತು.

ಆದರೆ ನೇಗಿಲು ಹಿಡಿದ ಕೈಗೆ ಪೆನ್ಸಿಲು ಎಂದರೆ ಎಮ್ಮೆಗೆ ಸೂಜಿ ಕೊಟ್ಟಂತೆ. ಅವನ ಆಯತ ಸುಟ್ಟ ಗೆಣಸಿನಂತೆ ಬರುತ್ತಿತ್ತು. ಹಗ್ಗದ ಮಾತೇ ಬೇರೆ. ಅಪ್ಪ ಮನೆಗೆ ಪಾಯ ಹಾಕುವಾಗ ಮೂಲೆಯಿಂದ ಮೂಲೆಗೆ ಹಗ್ಗ ಹಿಡಿದು ಎರಡೂ ಕರ್ಣ ಸಮ ಮಾಡುತ್ತಿದ್ದುದನ್ನು ಅವನು ಕಂಡಿದ್ದ. ಹಾಗೆಯೇ ಸುಣ್ಣ ಸುರಿದು ಆಯತ ಎಳೆದ; ಅದೇ ಹಗ್ಗದಿಂದ ತ್ರಿಕೋನ, ವೃತ್ತವನ್ನೂ ಎಳೆದ. ಪಕ್ಕದಲ್ಲಿ ಮಾರುದ್ದದ ಅಕ್ಷರಗಳಲ್ಲಿ ಹೆಸರು ಬರೆದ. ಮೇಡಮ್ಮನ್ನೇ ಇಲ್ಲಿಗೆ ಕರೆತಂದು ತೋರಿಸುವುದೆಂದು ಹಿಗ್ಗಿ, ಒಳಗೆ ಹೋಗಿ ಮುದ್ದೆ ಉಂಡ.

ಅಷ್ಟರಲ್ಲಿ ಹಿತ್ತಿಲಿಗೆ ಎದುರಾದ ಮನೆಯ ರಘುನಾಥ್ ಹಲ್ಲುಜ್ಜುತ್ತ ಮಹಡಿಯಿಂದ ಪಕ್ಕದ ಮನೆಯವನಿಗೆ ಕೂಗಿದ: "ಕಾಶಿನಾಥ್ ಸಾರ್, ಏನ್ರೀ ಇದು ಮಾರ್ಕಿಂಗು?"

ಗೊತ್ತಿಲ್ಲ ಎಂಬ ಮಾತನ್ನು ಕಾಶಿನಾಥ ಹುಟ್ಟಿದಾರಭ್ಯ ಆಡಿದವನಲ್ಲ. "ಸರ್ವೆ ಕಣ್ರೀ! ಬೆಳಗ್ಗೆ ಜೀಪ್‌ನಲ್ಲಿ ಬಂದಿದ್ರು, ಕಣ್ಣಾರೆ ನೋಡ್ದೆ. ಉದ್ದಕ್ಕಿರೋದು ಬಸ್ ಸ್ಟ್ಯಾಂಡು, ಮೂರು ಮೂಲೇದು ಪೊಲೀಸ್ ಸ್ಟೇಷನ್ನು."

"ದುಂಡಗಿರೋದು?"

"ಪಬ್ಲಿಕ್ ಟಾಯ್ಲೆಟ್ಟು."

"ನಮ್ ಅಡುಗೆಮನೆ ಎದುರಿಗಾ?" ರಘುನಾಥ್ ಪೇಸ್ಟು ನುಂಗಿಬಿಟ್ಟ.

ಪಿಳ್ಳಣ್ಣ ಕೈತೊಳೆದು ಹೊರಬರುವಷ್ಟರಲ್ಲಿ ಬೀದಿಗೆ ಬೀದಿಯೇ ನೆರೆದಿತ್ತು. ಮೂಲೆಮನೆ ಗೋಪಾಲಮ್ಮ ಬಸ್ ಸ್ಟ್ಯಾಂಡಿನಲ್ಲಿ ಹೂವಿನಂಗಡಿಗೆ ಜಾಗ ಹಿಡಿದು, ಚಾಪೆ ಹಾಸಿ ಕೂತಿದ್ದಳು.

"ಅಯ್ಯೋ, ಇದು ನನ್ನ ಓಂವರ್ಕು ಕಣ್ರಪ್ಪ!" ಎಂದ ಪಿಳ್ಳಣ್ಣ.

ಎಲ್ಲರೂ ನಕ್ಕರು. "ಹೋಮ್‌ವರ್ಕಂತೆ! ಯಜಮಾನ್ರು ಎಷ್ಟು ಗುಟ್ಟು ಮಾಡ್ತಾರೆ ನೋಡ್ರಿ" ಎಂದ ಕಾಶಿನಾಥ. "ಓನರ್ ಹೆಸರನ್ನೂ ಆಫೀಸರ್‌ಗಳೇ ಬರ್ದು ಹೋಗಿದಾರೆ!"

ಮಧ್ಯಾಹ್ನದವರೆಗೂ ಪಿಳ್ಳಣ್ಣ ದೊಣ್ಣೆ ಹಿಡಿದು, ಯಾರೂ ಗೆರೆ ತುಳಿಯದಂತೆ ತ್ರಿಕೋನದ ಸುತ್ತ ಕಾವಲು ತಿರುಗಿದ. "ನೋಡಿದ್ರಾ, ಸ್ಟೇಷನ್ ಡ್ಯೂಟೀನೂ ಸಿಕ್ಕಿದೆ" ಎಂದರು ಜನ.

ಸಂಜೆ ಅವನೇ ಹೋಗಿ ರಾಧಾಮಣಿ ಮೇಡಮ್ಮನ್ನು ಕರೆತಂದ. ಅವರು ಸುತ್ತಲೂ ನಡೆದು ನೋಡಿ ಬೆರಗಾದರು. "ಪಿಳ್ಳಣ್ಣನವರೇ, ನಾನೂ ಇಷ್ಟು ನೇರ ಎಳೆಯಲಾರೆ. ನಿಜ ಹೇಳಿ, ನೀವೇ ಮಾಡಿದ್ದಾ?"

"ನಮ್ಮಪ್ಪನಾಣೆ!"

ಬೆಳಗಿನಿಂದ ಜೀಪಿನ ಕತೆ ನೂರು ಸಲ ಹೇಳಿದ್ದ ಕಾಶಿನಾಥ ಈಗ ಹಿಂದೆ ಸರಿಯುವ ಹಾಗಿರಲಿಲ್ಲ. "ಎಲ್ಲಿ ಮೇಡಂ! ಸರ್ವೆಯವರು ಹಾಕಿದ್ದು."

"ಹಳದಿ ಟೋಪಿ ಹಾಕಿದ್ರು, ನಾನೂ ನೋಡ್ದೆ" ಎಂದ ರಘುನಾಥ್.

"ಅವರ್‌ಗೆಲ್ಲಾ ನಾನೇ ಕಾಪಿ ಕಾಸಿ ಕೊಟ್ಟೆ ಕಣವ್ವಾ" ಎಂದಳು ಗೋಪಾಲಮ್ಮ.

ಮೇಡಂ ಮುಖ ಗಂಟಿಕ್ಕಿತು. ಚೀಲದಿಂದ ನೋಟ್‌ಬುಕ್ಕು, ಪೆನ್ಸಿಲು ತೆಗೆದು, "ಹಾಗಾದ್ರೆ ಇಲ್ಲೊಂದು ಆಯತ ಎಳೀರಿ" ಎಂದರು.

ಊರೆಲ್ಲ ಉಸಿರು ಬಿಗಿಹಿಡಿದು ನೋಡುತ್ತಿರಲು ಪಿಳ್ಳಣ್ಣ ನಾಲಗೆ ಕಚ್ಚಿ ಎಳೆದ. ಬಂದದ್ದು ಗೆಣಸು.

ಮುಂದಿನ ಭಾನುವಾರ ಸಂಜೆ ಗೌರಮ್ಮ ಜರಿ ಸೀರೆಯುಟ್ಟು, ಅವನ ಪಕ್ಕದಿಂದೆದ್ದು, ಎರಡನೇ ಪುಸ್ತಕದ ಕೋಣೆಗೆ ಹೊರಟುಹೋದಳು.