ನಾಲ್ಕನೆಯ ಮಾತು

ಕೊಟ್ರೇಶನ ಆ ದಿನದ ಕಷ್ಟಕ್ಕೆಲ್ಲ ಕಾರಣ, ಅವನು ಪಾಠವನ್ನು ಚೆನ್ನಾಗಿ ಹೇಳಿಕೊಟ್ಟಿದ್ದು.

ದಾವಣಗೆರೆಯಲ್ಲಿ ಬಡವರ ಮೊಕದ್ದಮೆಗಳನ್ನು ಫೀಸಿಲ್ಲದೆ ನಡೆಸುವ ಒಂದು ಸಣ್ಣ ಟ್ರಸ್ಟಿದೆ. ಕೊಟ್ರೇಶ ಅಲ್ಲಿ ಕಾರ್ಯಕರ್ತ. ಹೋದ ತಿಂಗಳು ಹರಿಹರದ ಒಂದು ವಠಾರದ ಎಂಟು ಮನೆಯ ಬಾಡಿಗೆದಾರರನ್ನು ಅಂಗಳದಲ್ಲಿ ಕೂರಿಸಿ, ಕಾನೂನಿನ ನಾಲ್ಕು ಮಾತು ಹೇಳಿಕೊಟ್ಟಿದ್ದ. ಒಂದು, ಓದದೆ ಯಾವ ಕಾಗದಕ್ಕೂ ಸಹಿ ಹಾಕಬೇಡಿ. ಎರಡು, ಕಾಗದ ತಂದವರ ಗುರುತಿನ ಚೀಟಿ ಕೇಳಿ. ಮೂರು, ಯಾರು ಅವಸರ ಮಾಡುತ್ತಾರೋ ಅವರ ಮೇಲೆ ಅನುಮಾನಪಡಿ. ನಾಲ್ಕನೆಯದನ್ನು ಹೇಳುವಷ್ಟರಲ್ಲಿ ಮಂಡಕ್ಕಿ, ಮಿರ್ಚಿ ಬಂದವು. ಕೊಟ್ರೇಶ ಹೇಳುವುದನ್ನು ಹೇಳಿಯೇ ಮುಗಿಸಿದ. ಬಿಸಿ ಮಿರ್ಚಿಯ ಮುಂದೆ ಅದನ್ನು ಕೇಳಿಸಿಕೊಂಡವರು ಮಾತ್ರ ಯಾರೂ ಇರಲಿಲ್ಲ.

ವಠಾರದ ಮಾಲೀಕ ಪರಮೇಶ್ವರಪ್ಪನಿಗೆ ಆ ಮನೆಗಳನ್ನು ಕೆಡವಿ ಅಂಗಡಿ ಸಾಲು ಕಟ್ಟಿಸುವ ಆಸೆ. ಬಾಡಿಗೆದಾರರು ಖಾಲಿ ಮಾಡಲಿಲ್ಲವೆಂದು ಒಂಬತ್ತು ದಿನಗಳ ಹಿಂದೆ ನೀರಿನ ವಾಲ್ವು ತಿರುಗಿಸಿ, ಅದರ ಕೀಲಿಯನ್ನು ಜೇಬಿಗೆ ಹಾಕಿಕೊಂಡಿದ್ದ. ಕೂಗಳತೆಯಲ್ಲಿ ತುಂಗಭದ್ರೆ ಹರಿಯುತ್ತಿದ್ದರೂ ವಠಾರದ ಹೆಂಗಸರು ಮೂರು ಬೀದಿ ದಾಟಿ ಕೊಡ ಹೊರುತ್ತಿದ್ದರು. ಟ್ರಸ್ಟಿನ ವಕೀಲೆ ರಶ್ಮಿತಾ ಕೋರ್ಟಿಗೆ ಹೋದ ಮೇಲೆ ಆತ ಮೆತ್ತಗಾದ. ನೀರು ಬಿಡಬೇಕು, ಒಂದು ವರ್ಷ ಯಾರನ್ನೂ ಎಬ್ಬಿಸಬಾರದು ಎಂದು ರಾಜಿ ಪತ್ರ ತಯಾರಾಯಿತು.

"ಎಂಟು ಮನೆಯೋರದ್ದು ಎಂಟು, ಮಾಲೀಕರದ್ದು ಒಂದು. ಒಂಬತ್ತು ಸೈನ್ ಹಾಕಿಸ್ಕೊಂಡು ಐದರೊಳಗೆ ಹರಿಹರದ ಕೋರ್ಟಿಗೆ ಬರ್ರಿ," ಎಂದರು ರಶ್ಮಿತಾ. "ನಾಳೆಯಿಂದ ಬೇಸಿಗೆ ರಜೆ. ಇವತ್ತು ತಪ್ಪಿದ್ರೆ ತಿಂಗಳುಗಟ್ಲೆ ಹೋಯ್ತು."

"ಅರ್ಧ ಗಂಟೆ ಕೆಲಸ ಮೇಡಂ."

ಎರಡು ಗಂಟೆಗೆ ವಠಾರ ಸೇರಿದ ಕೊಟ್ರೇಶ, ಮೊದಲ ಮನೆಯ ಬಾಗಿಲಲ್ಲಿ ಹೊಲಿಗೆ ಮಿಷನ್ ತುಳಿಯುತ್ತಿದ್ದ ದಿಲ್ಷಾದ್ ಬೇಗಂ ಮುಂದೆ ಕಾಗದ ಹಿಡಿದ.

"ಅಕ್ಕ, ಬೇಗ ಒಂದು ಸೈನ್ ಹಾಕ್ರಿ."

ಮಿಷನ್ ನಿಂತಿತು. "ಬೇಗ ಅಂದ್ರಾ ಕೊಟ್ರೇಶ್ ಭಾಯ್?"

"ಅಂದೆ."

"ಅವಸರ ಮಾಡೋರ ಮ್ಯಾಲೆ ಅನುಮಾನ ಪಡ್ರಿ ಅಂದೋರು ನೀವೇ ಅಲ್ಲೇನ್ರಿ?"

"ನಾನೇ. ಆದ್ರೆ ನನ್ನ ಮ್ಯಾಲೆ ಅಲ್ಲ."

"ನಿಮ್ಮನ್ನ ಬಿಟ್ಟು ಅಂತ ಆವತ್ತು ಹೇಳಿರ್ಲಿಲ್ಲ."

ಮಾತು ಕೇಳಿ ಎಂಟೂ ಮನೆಯವರು ಹೊರಗೆ ಬಂದರು. ವಠಾರದ ಹಿರಿಯಳಾದ ಬಸವಣ್ಣೆಮ್ಮ ಅಂಗೈ ಚಾಚಿದಳು. "ಚೀಟಿ ತೋರಿಸ್ರಪ್ಪ."

ಗುರುತಿನ ಚೀಟಿ ದಾವಣಗೆರೆಯ ಶಾಮನೂರಿನ ಅವನ ಮನೆಯಲ್ಲಿ, ನಿನ್ನೆಯ ಅಂಗಿಯ ಜೇಬಿನಲ್ಲಿ, ಸೋಪಿನ ನೀರಿನ ಬಕೆಟ್ಟಿನಲ್ಲಿ ನೆನೆಯುತ್ತಿತ್ತು.

"ನನ್ನ ಮುಖ ಗೊತ್ತಿಲ್ಲೇನಮ್ಮ? ನಿಮ್ಮನ್ಯಾಗ ಎಷ್ಟು ಸಲ ಚಾ ಕುಡಿದೀನಿ."

"ಚಾ ಕುಡಿಯಾಕ ಚೀಟಿ ಬ್ಯಾಡ. ಸೈನ್ ಹಾಕಿಸ್ಕೊಳ್ಳಾಕ ಬೇಕು."

ರಶ್ಮಿತಾಗೆ ಫೋನ್ ಮಾಡಿದ. ಸ್ವಿಚ್ ಆಫ್. ಅವರು ಕೋರ್ಟಿನೊಳಗಿದ್ದರು. ಅಷ್ಟರಲ್ಲಿ ಎದುರಿನ ಮಹಡಿಯ ಮೇಲೆ ಪತ್ರಿಕೆ ಓದುತ್ತಿದ್ದ ಪರಮೇಶ್ವರಪ್ಪ ಬಗ್ಗಿ ನೋಡಿದ.

"ಅವ್ರು ಟ್ರಸ್ಟಿನೋರೇ ಕಣ್ರವ್ವ. ನನಗ ನೋಟಿಸ್ ತಂದು ಕೊಟ್ಟೋರೂ ಅವ್ರೇ. ಧೈರ್ಯಾಗಿ ಸೈನ್ ಹಾಕ್ರಿ."

ಕೊಟ್ರೇಶನಿಗೆ ಹೋದ ಜೀವ ಬಂದಂತಾಯಿತು. ಆದರೆ ಇಲಿಗೆ ಬೆಕ್ಕು ಜಾಮೀನು ನಿಂತರೆ ಉಳಿದ ಇಲಿಗಳು ನೋಡುವಂತೆ ಎಲ್ಲರೂ ಅವನನ್ನು ನೋಡಿದರು.

"ಸಾವ್ಕಾರ್ರೇ ಹಾಕ್ರಿ ಅಂದ್ಮ್ಯಾಲೆ ಇದ್ರಾಗ ಏನೋ ಐತೆ," ಎಂದಳು ದಿಲ್ಷಾದ್ ಬೇಗಂ.

ಕಾಗದ ಕೊನೆಯ ಮನೆಯ ಅಜ್ಜಯ್ಯನ ಕೈಗೆ ಹೋಯಿತು. ಬಟ್ಟೆ ಮಿಲ್ಲಿನಿಂದ ನಿವೃತ್ತನಾದ ಅಜ್ಜಯ್ಯ ದಾರ ಕಟ್ಟಿದ ಕನ್ನಡಕ ಏರಿಸಿ, ಮೊದಲ ಪುಟದ ಸೀಲಿನಿಂದ ಶುರುಮಾಡಿದ. ಎತ್ತಿನ ಗಾಡಿ ದಿಬ್ಬ ಹತ್ತಿದಂತೆ ಓದಿದ. ಎರಡನೆಯ ಪುಟದಲ್ಲಿ ಗಾಡಿ ನಿಂತೇಬಿಟ್ಟಿತು.

"ಇದ್ಯಾರಪ್ಪ ಸದರಿ? ಎಲ್ಲಾ ಕಡೆ ಅವನೇ ಅದಾನೆ. ನಮ್ಮ ವಠಾರದಾಗ ಅಂಥೋರು ಯಾರೂ ಇಲ್ಲ."

ಸದರಿ ಎಂದರೆ 'ಮೇಲೆ ಹೇಳಿದ' ಎಂದಷ್ಟೇ, ಮನುಷ್ಯನಲ್ಲವೆಂದು ಎಂಟು ಮನೆಗೂ ಒಪ್ಪಿಸಲು ಇಪ್ಪತ್ತು ನಿಮಿಷ ಬೇಕಾಯಿತು. ನಾಲ್ಕು ಗಂಟೆಗೆ ರಶ್ಮಿತಾ ತಾವೇ ಫೋನ್ ಮಾಡಿ, ಸ್ಪೀಕರಿನಲ್ಲಿ, "ಹೌದು, ಅವ್ರು ನಮ್ಮ ಕೊಟ್ರೇಶೇ" ಎಂದ ಮೇಲೆ ಸಹಿಗಳು ಬಿದ್ದವು. ಎಂಟನೆಯದು ಮುಗಿದಾಗ ನಾಲ್ಕೂ ಇಪ್ಪತ್ತೈದು.

ಒಂಬತ್ತನೆಯದು ಒಂದು ನಿಮಿಷದ ಕೆಲಸವೆಂದೇ ಅವನು ಕೊನೆಗೆ ಇಟ್ಟುಕೊಂಡಿದ್ದ. ಮೆಟ್ಟಿಲು ಹಾರಿ ಮಹಡಿ ಹತ್ತಿದ.

"ಸಾವ್ಕಾರ್ರೆ, ಬೇಗ ಒಂದು..." ಎಂದವನು ತುಟಿ ಕಚ್ಚಿಕೊಂಡ. ಆದರೆ ಮಾತು ಆಚೆ ಬಿದ್ದಾಗಿತ್ತು.

ಪರಮೇಶ್ವರಪ್ಪ ಪತ್ರಿಕೆಯನ್ನು ನಿಧಾನವಾಗಿ ಮಡಚಿದ. "ಕೂಡ್ರಿ. ಆವತ್ತು ನೀವು ಪಾಠ ಹೇಳೋವಾಗ ನಾನೂ ಇಲ್ಲೇ ಕುಂತು ಕೇಳಿದೀನಿ. ಭಾಳ ಚೆಂದ ಹೇಳಿದ್ರಿ. ಓದದೆ ಸೈನ್ ಹಾಕಬಾರ್ದು."

"ನಿಮ್ಮ ವಕೀಲ್ರು ಓದಿ ಒಪ್ಪ್ಯಾರಲ್ರಿ."

"ಓದಿದೋರು ಅವ್ರಾದ್ರೆ ಸೈನೂ ಅವ್ರೇ ಹಾಕ್ಲಿ."

ಕೆಳಗೆ ಎಂಟು ಮನೆಯ ಖಾಲಿ ಕೊಡಗಳು ಬಾಯಿ ತೆರೆದುಕೊಂಡು ಮಹಡಿಯನ್ನೇ ನೋಡುತ್ತಿದ್ದವು. ಪರಮೇಶ್ವರಪ್ಪನಿಗೂ ಅದು ಕಂಡಿರಬೇಕು. ಎದ್ದು ಕೆಳಗಿಳಿದು ಬಂದು ಜೇಬಿನಿಂದ ಕೀಲಿ ತೆಗೆದ.

"ನೀರಿಗೆ ಸೈನ್ ಯಾಕ್ರವ್ವ? ತಗೊಳ್ರಿ ನೀರು. ಒಂದು ವರ್ಷ ನಿಮ್ಮನ್ನ ಯಾರೂ ಎಬ್ಸಲ್ಲ. ನನ್ನ ಮಾತು ಸಾಕಲ್ಲ?"

"ಸಾಕ್ರಿ, ಸಾಕ್ರಿ," ಎಂದರು ಎಲ್ಲರೂ.

ಅವನು ವಾಲ್ವು ತಿರುಗಿಸಿದೊಡನೆ ನಲ್ಲಿಗಳು ಎರಡು ಸಲ ಕೆಮ್ಮಿ, ಒಂಬತ್ತು ದಿನದ ತುಕ್ಕು ಉಗುಳಿ, ಸುರಿಯತೊಡಗಿದವು. ಮಿರ್ಚಿ ಬಂದ ದಿನದಂತೆಯೇ ಅಂಗಳ ಖಾಲಿಯಾಯಿತು.

"ನಾಲ್ಕನೇ ಮಾತು ನೆನಪು ಮಾಡ್ಕೊಳ್ರಿ," ಎಂದು ಕೊಟ್ರೇಶ ಕೂಗಿದ. "ಬಾಯಿಮಾತು ನಂಬಬ್ಯಾಡ್ರಿ. ಏನಿದ್ರೂ ಬರಹದಾಗ ತಗೊಳ್ರಿ ಅಂದಿದ್ದೆ."

ಕೊಡ ತುಂಬುವ ಸದ್ದಿನಲ್ಲಿ ಅವನ ಮಾತೂ ಹರಿದುಹೋಯಿತು. ಪರಮೇಶ್ವರಪ್ಪ ವಾಲ್ವಿನ ಕೀಲಿಯನ್ನು ಮತ್ತೆ ಜೇಬಿಗೆ ಹಾಕಿಕೊಂಡು ಮಹಡಿ ಹತ್ತಿದ.

ಐದಕ್ಕೆ ಐದು ನಿಮಿಷವಿದ್ದಾಗ ಫೋನ್ ಬಂತು. "ಒಂಬತ್ತೂ ಆದ್ವಾ ಕೊಟ್ರೇಶ್?"

"ಎಂಟಾಗ್ಯಾವ ಮೇಡಂ."

"ಒಂಬತ್ತನೇದು?"

"ಬಾಯಿಮಾತಿನಾಗ ಐತೆ."

ಫೋನನ್ನು ಇನ್ನೂ ಕಿವಿಗಿಟ್ಟುಕೊಂಡು ನಿಂತಿದ್ದವನ ಮುಂದೆ ಬಸವಣ್ಣೆಮ್ಮ ಒಂದು ಚೊಂಬು ನೀರು ಹಿಡಿದಳು.

"ಕುಡೀರಿ, ಪಾಪ, ದಣಿದೀರಿ. ಮುಂದಿನ ಸಲ ಬರೋವಾಗ ಚೀಟಿ ಮರೀಬ್ಯಾಡ್ರಿ."